ಪಿಸ್ತೂಲಿಗೆ ರೆಡ್ ಡಾಟ್ ಸೈಟ್ ಆರಿಸುವ ಕ್ರಮ: ಮುಂಬೈ, ಪುಣೆ, ಗೋವಾದ ಪರವಾನಗಿದಾರರಿಗೆ ಸಮಗ್ರ ಮಾರ್ಗದರ್ಶಿ

ಮುಂಬೈ, ಪುಣೆ ಮತ್ತು ಗೋವಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಪಿಸ್ತೂಲಿನ ಪರವಾನಗಿ ಇರುವವರು ಹೆಚ್ಚಾಗಿ ಹೋಟೆಲ್ ನಡೆಸುವವರು, ಚಿನ್ನದ ವ್ಯಾಪಾರಿಗಳು, ಸೇನೆಯಿಂದ ನಿವೃತ್ತರಾದವರು. ಇವರಲ್ಲಿ ಅನೇಕರು ನಲವತ್ತೈದು ದಾಟಿದವರು. ಆ ವಯಸ್ಸಿಗೆ ಬಂದಾಗ ಚಾಚಿದ ಕೈಯ ತುದಿಯಲ್ಲಿರುವ ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಗುರುತು, ಮಸುಕಾಗತೊಡಗುತ್ತದೆ. ಅದನ್ನು ಸ್ಪಷ್ಟವಾಗಿ ಕಾಣಲು ಕನ್ನಡಕ ಹಾಕಿಕೊಂಡರೆ ಎದುರಿನ ಗುರಿ ಮಸುಕಾಗುತ್ತದೆ. ರೆಡ್ ಡಾಟ್ ಸೈಟ್ ನಿಜವಾಗಿ ಬಗೆಹರಿಸುವುದು ಈ ತೊಂದರೆಯನ್ನು. ಆದರೆ ಕೊಳ್ಳುವವರು ಬಹುಪಾಲು ಮೊದಲು ಸೈಟನ್ನು ಮೆಚ್ಚಿ, ಹಣ ಕೊಟ್ಟು, ಅನಂತರ ಅದನ್ನು ತಮ್ಮ ಪಿಸ್ತೂಲಿನ ಮೇಲೆ ಕೂರಿಸುವುದು ಹೇಗೆಂದು ಯೋಚಿಸುತ್ತಾರೆ. ಈ ಕ್ರಮ ತಿರುಗುಮುರುಗಾಗಿದೆ. ಮೊದಲು ಉದ್ದೇಶ, ಆಮೇಲೆ ಪಿಸ್ತೂಲು ಮತ್ತು ಕಾನೂನು, ಆಮೇಲೆ ಕೂರಿಸುವ ವಿಧಾನ, ಕೊನೆಗೆ ಸೈಟ್: ಈ ಅನುಕ್ರಮದಲ್ಲಿ ನಡೆದರೆ ಆಯ್ಕೆ ತಾನಾಗಿಯೇ ಎರಡು ಮೂರು ಮಾದರಿಗಳಿಗೆ ಇಳಿಯುತ್ತದೆ.

ಈ ಸೈಟ್ ಕೆಲಸ ಮಾಡುವ ಬಗೆ

ರೆಡ್ ಡಾಟ್ ಎಂದರೆ ಲೇಸರ್ ಅಲ್ಲ. ಗುರಿಯ ಮೇಲೆ ಅದು ಯಾವ ಬೆಳಕನ್ನೂ ಚೆಲ್ಲುವುದಿಲ್ಲ. ಸೈಟಿನ ಹಿಂಭಾಗದ ತಳದಲ್ಲಿ ಒಂದು ಸಣ್ಣ ಎಲ್‌ಇಡಿ ಇರುತ್ತದೆ. ಅದರ ಬೆಳಕು ಮುಂದಿನ ಬಾಗಿದ ಗಾಜಿಗೆ ತಾಗಿ, ಕೆಂಪು ಬಣ್ಣವನ್ನು ಮಾತ್ರ ಹಿಂದಿರುಗಿಸುವ ಲೇಪನದಿಂದ ಪ್ರತಿಫಲಿಸಿ, ಸಮಾನಾಂತರ ಕಿರಣಗಳಾಗಿ ನೋಡುವವರ ಕಣ್ಣಿಗೆ ಬರುತ್ತದೆ. ಹೀಗಾಗಿ ಚುಕ್ಕಿ ಗಾಜಿನ ಮೇಲೆ ಇರುವಂತೆ ಕಾಣದೆ ದೂರದ ಗುರಿಯ ಮೇಲೆಯೇ ತೇಲುತ್ತಿರುವಂತೆ ಕಾಣುತ್ತದೆ. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಎಂಬ ಮೂರು ದೂರಗಳನ್ನು ಕಣ್ಣು ಒಟ್ಟಿಗೆ ನಿಭಾಯಿಸಬೇಕಾದ ಕಷ್ಟ ಇಲ್ಲಿಲ್ಲ. ಎರಡೂ ಕಣ್ಣು ತೆರೆದು ಗುರಿಯನ್ನು ನೋಡುತ್ತಿದ್ದರೆ ಸಾಕು. ಚುಕ್ಕಿ ಗಾಜಿನ ಅಂಚಿನಲ್ಲಿದ್ದರೂ ಗುಂಡು ಹೆಚ್ಚುಕಡಿಮೆ ಅಲ್ಲಿಗೇ ಹೋಗುತ್ತದೆ. ಹೆಚ್ಚುಕಡಿಮೆ ಎಂದು ಬೇಕೆಂದೇ ಬರೆದಿದ್ದೇನೆ, ಏಕೆಂದರೆ ಕಣ್ಣು ಪಕ್ಕಕ್ಕೆ ಸರಿದಾಗ ಚುಕ್ಕಿಯೂ ಗುರಿಯಿಂದ ಸರಿಯುವ ಪ್ಯಾರಲಾಕ್ಸ್ ದೋಷ ಪೂರ್ತಿ ಇಲ್ಲದ ಸೈಟ್ ಯಾವುದೂ ಇಲ್ಲ. ಪಿಸ್ತೂಲಿನ ದೂರಗಳಲ್ಲಿ ಮಾತ್ರ ಅದು ಗಣನೆಗೆ ಬರುವಷ್ಟು ದೊಡ್ಡದಲ್ಲ.

ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲೇ ಎಲೆಕ್ಟ್ರಾನಿಕ್ ರೆಡ್ ಡಾಟ್ ತಂದಿತ್ತು. ಆದರೆ ಪಿಸ್ತೂಲಿನ ಮೇಲ್ಭಾಗದಲ್ಲಿ ಜಾರುವ ಲೋಹದ ಭಾಗವಾದ ಸ್ಲೈಡಿನ ಮೇಲೆ ಕೂತು ಪ್ರತಿ ಹೊಡೆತಕ್ಕೂ ಹಿಂದೆ ಮುಂದೆ ರಭಸದಿಂದ ಹೋಗಿ ಬರುವ ಪೆಟ್ಟನ್ನು ವರ್ಷಗಟ್ಟಲೆ ತಾಳಬಲ್ಲ ಪುಟ್ಟ ಸೈಟುಗಳು ರೂಢಿಗೆ ಬಂದದ್ದು 2009ರಲ್ಲಿ ಟ್ರಿಜಿಕಾನ್ ಕಂಪನಿಯ ಆರ್‌ಎಂಆರ್ ಬಂದ ನಂತರ. ಕಾರ್ಖಾನೆಯಲ್ಲೇ ಸೈಟಿಗೆ ಜಾಗ ಕೊರೆದ ಗ್ಲಾಕ್ ಪಿಸ್ತೂಲುಗಳು 2015ರಲ್ಲಿ ಬಂದವು.

ಮೊದಲ ಹೆಜ್ಜೆ: ಉದ್ದೇಶ

ನೀವು ಬಾಲೇವಾಡಿಯ ರೇಂಜಿಗೆ ಹೋಗುವುದು 10 ಮೀಟರ್ ಏರ್ ಪಿಸ್ತೂಲಿಗಾಗಿಯೋ 25 ಮೀಟರ್ ಸ್ಪೋರ್ಟ್ ಪಿಸ್ತೂಲಿಗಾಗಿಯೋ ಆದರೆ ಇಲ್ಲಿಗೇ ನಿಲ್ಲಿಸಬಹುದು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಪಿಸ್ತೂಲ್ ಸ್ಪರ್ಧೆಗಳಲ್ಲಿ ಗಾಜಿಲ್ಲದ ಸಾದಾ ಹಿಂದಿನ ಮುಂದಿನ ಸೈಟುಗಳಿಗೆ, ಅಂದರೆ ಐರನ್ ಸೈಟ್‌ಗಳಿಗೆ, ಮಾತ್ರ ಅವಕಾಶ. ಚುಕ್ಕಿ ಮೂಡಿಸುವ ಸೈಟುಗಳು ನಿಷಿದ್ಧ. ಓಡಾಡುತ್ತ ವೇಗವಾಗಿ ಗುರಿ ಹೊಡೆಯುವ ಐಪಿಎಸ್‌ಸಿ ಮಾದರಿಯ ಕ್ರೀಡೆಯಲ್ಲಿ ರೆಡ್ ಡಾಟ್‌ಗೆಂದೇ ಪ್ರೊಡಕ್ಷನ್ ಆಪ್ಟಿಕ್ಸ್ ಎಂಬ ವಿಭಾಗವಿದೆ, ಅಲ್ಲಿ ದೊಡ್ಡ ಕಿಟಕಿಯ ಸೈಟ್ ಅನುಕೂಲ. ಆತ್ಮರಕ್ಷಣೆಗೆಂದು ಸೊಂಟದಲ್ಲಿ ಇಟ್ಟುಕೊಳ್ಳುವ ಪಿಸ್ತೂಲಿಗೆ ಬೇಕಾದದ್ದು ಬೇರೆ: ಅಂಗಿಯಡಿ ಉಬ್ಬಿ ಕಾಣದಷ್ಟು ಚಿಕ್ಕದು, ಬೆವರಿಗೂ ಮಳೆಗೂ ಕೆಡದಷ್ಟು ಗಟ್ಟಿ, ತಿಂಗಳುಗಟ್ಟಲೆ ಮುಟ್ಟದೆ ಇದ್ದರೂ ತೆಗೆದ ಕ್ಷಣ ಹೊತ್ತಿಕೊಂಡಿರುವಂಥದ್ದು. ಈ ಬರಹ ಮುಖ್ಯವಾಗಿ ಇಂಥ ಪಿಸ್ತೂಲನ್ನು ಕುರಿತದ್ದು.

ಎರಡನೆಯ ಹೆಜ್ಜೆ: ನಿಮ್ಮ ಪಿಸ್ತೂಲು ಒಪ್ಪುತ್ತದೆಯೆ, ಕಾನೂನು ಒಪ್ಪುತ್ತದೆಯೆ

ಅಮೆರಿಕದ ವಿಡಿಯೊಗಳಲ್ಲಿ ತೋರಿಸುವ ಪಿಸ್ತೂಲುಗಳು ಹೆಚ್ಚಾಗಿ 9 ಎಂಎಂ. ನಮ್ಮಲ್ಲಿ ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯ ಪರವಾನಗಿಯಲ್ಲಿ ಸಿಗದ ನಳಿಗೆಯ ಅಳತೆ. ಸಾಮಾನ್ಯ ಪರವಾನಗಿದಾರರ ಕೈಯಲ್ಲಿರುವುದು ಪಾಯಿಂಟ್ 32 ಬೋರಿನ ಪಿಸ್ತೂಲು. ಕೆಲವರ ಬಳಿ ಪಾಯಿಂಟ್ 22. ಹಳೆಯ ಪಾಯಿಂಟ್ 32 ಪಿಸ್ತೂಲುಗಳ ಸ್ಲೈಡ್ ತೆಳ್ಳಗೆ, ಮೇಲ್ಭಾಗ ದುಂಡಗೆ ಇರುತ್ತದೆ. ಸೈಟ್ ಕೂರಿಸಲು ಅದರಲ್ಲಿ ಕೊರೆದ ಜಾಗವಿರುವುದಿಲ್ಲ. ಮ್ಯಾಗಜೀನ್ ತೆಗೆದು, ನಳಿಗೆಯ ಬುಡದಲ್ಲಿ ಗುಂಡು ಕೂರುವ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ನಿಮ್ಮ ಪಿಸ್ತೂಲಿನ ಹಿಂದಿನ ಸೈಟಿನ ಮುಂಭಾಗವನ್ನು ನೋಡಿ. ಅಲ್ಲಿ ಸ್ಕ್ರೂ ಹಾಕಿದ ಸಪಾಟಾದ ಮುಚ್ಚಳವಿದ್ದರೆ ಅದು ರೆಡ್ ಡಾಟ್‌ನಂಥ ಸೈಟಿಗೆಂದೇ ತಯಾರಾದ ಸ್ಲೈಡ್. ಇಲ್ಲವಾದರೆ ಉಳಿಯುವುದು ಎರಡು ದಾರಿ: ಹಿಂದಿನ ಸೈಟನ್ನು ಕಳಚಿ ಅದು ಕೂತಿದ್ದ ಡವ್‌ಟೇಲ್ ಎಂಬ ಅಡ್ಡ ಸೀಳಿನಲ್ಲೇ ಕೂರುವ ಪಟ್ಟಿ ಹಾಕುವುದು, ಅಥವಾ ಸ್ಲೈಡನ್ನು ಕೊರೆಸುವುದು.

ಕೊರೆಸುವ ಮಾತು ಬಂದಾಗ ಎಚ್ಚರ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ತಯಾರಿಕೆಗೆ ಮಾತ್ರವಲ್ಲ, ದುರಸ್ತಿಗೂ ಮಾರ್ಪಾಡಿಗೂ ಪರವಾನಗಿ ಬೇಕು. ಭೋಸರಿಯಲ್ಲೋ ಅಂಧೇರಿಯಲ್ಲೋ ಎಷ್ಟೇ ನಿಖರವಾದ ಸಿಎನ್‌ಸಿ ಯಂತ್ರವಿರುವ ವರ್ಕ್‌ಶಾಪ್ ಇದ್ದರೂ, ಪರಿಚಯದವರೆಂದು ಸ್ಲೈಡನ್ನು ಅಲ್ಲಿಗೆ ಕೊಟ್ಟರೆ ಕೊಟ್ಟವರೂ ಕೊರೆದವರೂ ಅಪರಾಧದಲ್ಲಿ ಸಿಲುಕುತ್ತಾರೆ. ಪರವಾನಗಿ ಪಡೆದ ಶಸ್ತ್ರಾಸ್ತ್ರ ವ್ಯಾಪಾರಿ ಅಥವಾ ಗನ್‌ಸ್ಮಿತ್ ಮೂಲಕವೇ ಈ ಕೆಲಸ ಆಗಬೇಕು. ಅದಕ್ಕೂ ಮೊದಲು ನಿಮ್ಮ ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಮುಂಬೈ ಮತ್ತು ಪುಣೆ ನಗರಗಳಲ್ಲಿ ಪೊಲೀಸ್ ಆಯುಕ್ತರ ಕಚೇರಿಗೆ, ಗೋವಾದಲ್ಲಿ ಜಿಲ್ಲಾ ದಂಡಾಧಿಕಾರಿಗಳ ಕಚೇರಿಗೆ, ಮಾಡಬೇಕೆಂದಿರುವ ಬದಲಾವಣೆಯನ್ನು ವಿವರಿಸಿ ಅರ್ಜಿ ಕೊಟ್ಟು ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಸಾಲದು. ವಿದೇಶದಿಂದ ಬರುವ ಬಂಧುಗಳ ಸೂಟ್‌ಕೇಸಿನಲ್ಲಿ ಸೈಟ್ ತರಿಸುವ ಯೋಚನೆಯನ್ನೂ ಬಿಡಿ. ರಸೀದಿ ಸಹಿತ ಅಧಿಕೃತ ವ್ಯಾಪಾರಿಯಿಂದ ಕೊಂಡದ್ದಕ್ಕೆ ಮಾತ್ರ ನೀವು ನಾಳೆ ಯಾರ ಮುಂದೆಯೂ ಉತ್ತರ ಹೇಳಬಹುದು.

ಪಾಯಿಂಟ್ 32 ಪಿಸ್ತೂಲುಗಳ ಕುರಿತು ಇನ್ನೊಂದು ತಾಂತ್ರಿಕ ಅಂಶ. ಇವುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ಪದ್ಧತಿಯವು: ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಇವೆರಡೇ ಹೊಡೆತವನ್ನು ಹಿಡಿದಿಡುತ್ತವೆ. ಅಂಥ ಹಗುರ ಸ್ಲೈಡಿನ ಮೇಲೆ ತೂಕ ಸೇರಿದರೆ, ಮೊದಲೇ ಬಲ ಕಡಿಮೆಯಿರುವ ಗುಂಡುಗಳಲ್ಲಿ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಹೊಡೆದ ಗುಂಡಿನ ಖಾಲಿ ಕೇಸ್ (ಹೊರಕವಚ) ಸಿಕ್ಕಿಕೊಳ್ಳಬಹುದು. ಆರ್‌ಎಂಆರ್ ತೂಗುವುದು ಸುಮಾರು 34 ಗ್ರಾಂ, ಏಮ್‌ಪಾಯಿಂಟ್ ಆಕ್ರೊ ಪಿ-2 ಸುಮಾರು 60 ಗ್ರಾಂ. ದೊಡ್ಡ ಪಿಸ್ತೂಲಿನಲ್ಲಿ ಲೆಕ್ಕಕ್ಕೆ ಬಾರದ ಈ ವ್ಯತ್ಯಾಸ ಚಿಕ್ಕ ಸ್ಲೈಡಿನಲ್ಲಿ ಬರುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ತೆಳ್ಳನೆಯ ಹಳೆಯ ಪಾಯಿಂಟ್ 32 ನಿಮ್ಮಲ್ಲಿದ್ದು, ಅದು ಈಗ ನಂಬಿಕೆಗೆ ತಕ್ಕಂತೆ ಓಡುತ್ತಿದ್ದರೆ, ಅದನ್ನು ಕೊರೆಸಬೇಡಿ. ಮುಂದಿನ ಸೈಟಿಗೆ ಗಾಢ ಬಣ್ಣ ಹಚ್ಚಿ, ಕಣ್ಣಿನ ವೈದ್ಯರಿಂದ ತೋಳಿನುದ್ದದ ದೂರಕ್ಕೆ ಹೊಂದುವ ಕನ್ನಡಕ ಮಾಡಿಸಿಕೊಳ್ಳುವುದೇ ಒಳ್ಳೆಯದು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದದ್ದು ಎರಡೇ ಬಂದೂಕು. ಹಾಗಾಗಿ ಮುಂದೆಂದಾದರೂ ಬದಲಾಯಿಸುವ ಸಂದರ್ಭ ಬಂದಾಗ ಕಾರ್ಖಾನೆಯಲ್ಲೇ ಕೊರೆದ ಸ್ಲೈಡ್ ಇರುವುದನ್ನು ಹುಡುಕಬಹುದು.

ಮೂರನೆಯ ಹೆಜ್ಜೆ: ಫುಟ್‌ಪ್ರಿಂಟ್

ಸೈಟಿನ ತಳದ ಆಕಾರ, ಸ್ಕ್ರೂಗಳ ಅಂತರ, ಕದಲದಂತೆ ಹಿಡಿಯುವ ಗೂಟಗಳ ಜಾಗ ಇವೆಲ್ಲ ಸೇರಿ ಫುಟ್‌ಪ್ರಿಂಟ್. ಇದರಲ್ಲಿ ಜಗತ್ತಿಗೆಲ್ಲ ಒಂದೇ ಅಳತೆ ಎಂಬುದಿಲ್ಲ. ದೊಡ್ಡ ಪಿಸ್ತೂಲುಗಳಲ್ಲಿ ಆರ್‌ಎಂಆರ್ ಅಳತೆ ಹೆಚ್ಚು ರೂಢಿಯಲ್ಲಿದೆ. ಹೊಲೊಸನ್ ಕಂಪನಿಯ 507ಸಿ ಕೂಡ ಅದೇ ಅಳತೆಯಲ್ಲಿ ಕೂರುತ್ತದೆ. ತೆಳ್ಳನೆಯ ಪಿಸ್ತೂಲುಗಳಿಗೆ ಶೀಲ್ಡ್ ಕಂಪನಿಯ ಆರ್‌ಎಂಎಸ್‌ಸಿ ಅಳತೆ. ಹೊಲೊಸನ್ 507ಕೆಯದು ಅದಕ್ಕೆ ಹತ್ತಿರ, ಆದರೆ ತದ್ರೂಪವಲ್ಲ. ಎರಡೂ ಒಂದೇ ಎಂದು ಹೇಳಿ ಮಾರುವವರ ಮಾತನ್ನು ನಂಬುವ ಮೊದಲು ಗೂಟಗಳನ್ನು ಹೋಲಿಸಿ ನೋಡಬೇಕು. ಲ್ಯುಪೋಲ್ಡ್ ಕಂಪನಿಯ ಡೆಲ್ಟಾಪಾಯಿಂಟ್ ಪ್ರೊ ಮತ್ತು ಡಾಕ್ಟರ್ (Docter) ಎಂಬ ಸೈಟಿನ ಅಳತೆಗಳು ಬೇರೆ ಬೇರೆ. ಆಕ್ರೊ ಮೇಲಿನಿಂದ ಸ್ಕ್ರೂ ಹಾಕುವ ಬದಲು ಅಡ್ಡಲಾಗಿ ಬಿಗಿಯುವ ಹಿಡಿಕೆಯಲ್ಲಿ ಕೂರುತ್ತದೆ.

ಸ್ಲೈಡಿನ ಅಳತೆಗೂ ಸೈಟಿನ ಅಳತೆಗೂ ಹೊಂದದಿದ್ದಾಗ ನಡುವೆ ಅಡಾಪ್ಟರ್ ಪ್ಲೇಟ್ ಬೇಕಾಗುತ್ತದೆ. ಪ್ಲೇಟ್ ಎಂದರೆ ಇನ್ನೊಂದು ಜೋಡಣೆ, ಇನ್ನೆರಡು ಸ್ಕ್ರೂ, ಸ್ವಲ್ಪ ಹೆಚ್ಚಿದ ಎತ್ತರ. ರೆಡ್ ಡಾಟ್ ಕೈಕೊಡುವ ಬಹುತೇಕ ಸಂದರ್ಭಗಳಲ್ಲಿ ಕೆಡುವುದು ಎಲೆಕ್ಟ್ರಾನಿಕ್ಸ್ ಅಲ್ಲ, ಸಡಿಲವಾಗುವುದು ಈ ಜೋಡಣೆ. ಆದ್ದರಿಂದ ನೇರವಾಗಿ ಸ್ಲೈಡಿನಲ್ಲೇ ಕೂರುವ ಸಾಧಾರಣ ಸೈಟ್, ತೆಳ್ಳನೆಯ ಅಲ್ಯುಮಿನಿಯಂ ಪ್ಲೇಟಿನ ಮೇಲೆ ಕೂರುವ ದುಬಾರಿ ಸೈಟಿಗಿಂತ ಮೇಲು. ಪ್ಲೇಟ್ ಅನಿವಾರ್ಯವಾದರೆ ಉಕ್ಕಿನದನ್ನೇ ಆರಿಸಿ.

ಇದೇ ಹಂತದಲ್ಲಿ ಐರನ್ ಸೈಟ್‌ಗಳ ಬಗ್ಗೆಯೂ ತೀರ್ಮಾನಿಸಬೇಕು. ಚುಕ್ಕಿ ಆರಿಹೋದಾಗ ಗಾಜಿನ ಕೆಳಭಾಗದಿಂದ ಮುಂದಿನ ಸೈಟಿನ ತುದಿ ಕಾಣುವಂತಿದ್ದರೆ ಪಿಸ್ತೂಲು ಕುರುಡಾಗುವುದಿಲ್ಲ. ಸೈಟ್ ತಗ್ಗಿನಲ್ಲಿ ಕೂತರೆ ಸಾಮಾನ್ಯ ಎತ್ತರದ ಐರನ್ ಸೈಟ್ ಸಾಕಾಗಬಹುದು, ಎತ್ತರದಲ್ಲಿ ಕೂತರೆ ಉದ್ದನೆಯವು ಬೇಕು. ಡವ್‌ಟೇಲ್ ಪಟ್ಟಿಯ ದೊಡ್ಡ ಕೊರತೆ ಇಲ್ಲಿದೆ: ಅದು ಹಿಂದಿನ ಸೈಟನ್ನೇ ಕಸಿದುಕೊಳ್ಳುತ್ತದೆ, ಮೇಲಾಗಿ ಎತ್ತರದಲ್ಲಿ ಕೂರುತ್ತದೆ.

ನಾಲ್ಕನೆಯ ಹೆಜ್ಜೆ: ತೆರೆದದ್ದೋ ಮುಚ್ಚಿದ್ದೋ

ಕೊಂಕಣ ಕರಾವಳಿಯಲ್ಲಿ ಇರುವವರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಆರ್‌ಎಂಆರ್, 507ಸಿ, ಆರ್‌ಎಂಎಸ್‌ಸಿಗಳಂಥ ಸೈಟುಗಳಲ್ಲಿ ಮುಂದೆ ಒಂದೇ ಗಾಜು. ಅದರ ಹಿಂದೆ ಎಲ್‌ಇಡಿ ಒಂದು ಪುಟ್ಟ ಗುಳಿಯಲ್ಲಿ ಆಕಾಶಕ್ಕೆ ತೆರೆದುಕೊಂಡಿರುತ್ತದೆ. ಇವು ತೆರೆದ ಸೈಟುಗಳು. ಆಕ್ರೊ, ಹೊಲೊಸನ್ 509ಟಿ ಮತ್ತು ಇಪಿಎಸ್, ಸ್ಟೈನರ್ ಎಂಪಿಎಸ್ ಇವುಗಳಲ್ಲಿ ಹಿಂದೆಯೂ ಗಾಜಿದ್ದು, ಎಲ್‌ಇಡಿ ಒಳಗೆ ಮುಚ್ಚಿರುತ್ತದೆ.

ತೆರೆದ ಸೈಟಿನ ಗುಳಿಯೊಳಗೆ ಜುಲೈ ತಿಂಗಳ ಒಂದೇ ಮಳೆಹನಿ ಬಿದ್ದರೆ ಆಗುವುದನ್ನು ಹತ್ತಿರದಿಂದ ನೋಡಬೇಕು. ಹನಿ ಎಲ್‌ಇಡಿಯ ಮೇಲೆ ಇನ್ನೊಂದು ಮಸೂರದಂತೆ ಕೂತುಬಿಡುತ್ತದೆ. ದುಂಡಗಿದ್ದ ಚುಕ್ಕಿ ಒಡೆದು ಕಿಟಕಿಯ ತುಂಬ ಕೆಂಪು ಮಚ್ಚೆಗಳಾಗಿ ಹರಡುತ್ತದೆ, ಇಲ್ಲವೆ ಪೂರ್ತಿ ಕಾಣೆಯಾಗುತ್ತದೆ. ಗುಳಿ ಎಷ್ಟು ಕಿರಿದೆಂದರೆ ಬೆರಳು ಅಲ್ಲಿಗೆ ಹೋಗುವುದಿಲ್ಲ. ಬಟ್ಟೆಯ ಚುಂಗನ್ನು ಮಡಿಸಿ ತೂರಿಸಬೇಕು, ಅಥವಾ ಬಲವಾಗಿ ಊದಬೇಕು, ಊದಿದರೆ ಉಸಿರಿನ ಹಬೆ ಗಾಜಿಗೆ ಹತ್ತುತ್ತದೆ. ಮಳೆಯೇ ಬೇಕೆಂದಿಲ್ಲ. ಹತ್ತಿ ಅಂಗಿಯಿಂದ ಉದುರಿದ ನೂಲಿನ ಎಳೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಇಳಿದ ಬೆವರು, ಪುಣೆಯ ಬೇಸಗೆಯ ಧೂಳು ಎಲ್ಲವೂ ಆ ಗುಳಿಯಲ್ಲೇ ಸೇರುತ್ತವೆ.

ಮುಚ್ಚಿದ ಸೈಟಿನಲ್ಲಿ ಈ ತೊಂದರೆ ಇಲ್ಲ. ಹೊರಗಿನ ಗಾಜಿನ ಮೇಲೆ ನೀರು ಕೂತರೂ ಹೆಬ್ಬೆರಳಿನಿಂದ ಒರೆಸಿದರೆ ಚುಕ್ಕಿ ಮರಳುತ್ತದೆ. ಆದರೆ ಹಬೆ ಕಟ್ಟುವುದರಿಂದ ಅದಕ್ಕೂ ಬಿಡುಗಡೆಯಿಲ್ಲ ಎಂಬುದನ್ನು ತಿಳಿದಿರಬೇಕು. ಪಣಜಿಯ ಮಳೆಗಾಲದಲ್ಲಿ ಹೊರಗಿನ ಉಷ್ಣತೆ 28 ಡಿಗ್ರಿ, ತೇವಾಂಶ ಶೇಕಡಾ 90 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ಗಾಜಿನ ಮೇಲಾದರೂ ಗಾಳಿಯ ನೀರು ಹನಿಗಟ್ಟುತ್ತದೆ. ಎಸಿ ಹಾಕಿದ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ 22 ಡಿಗ್ರಿಗೆ ತಣಿದ ಸೈಟ್ ಬಾಗಿಲು ತೆರೆದ ಕೂಡಲೇ ಮಸುಕಾಗುವುದು ಇದೇ ಕಾರಣಕ್ಕೆ. ಪಿಸ್ತೂಲು ಮೈಗಂಟಿಕೊಂಡು ಹೋಲ್ಸ್ಟರ್ ಎಂಬ ಒರೆಯಲ್ಲಿದ್ದರೆ ಮೈಯ ಬಿಸಿಯಿಂದ ಗಾಜು ಬೆಚ್ಚಗಿರುತ್ತದೆ. ಪೆಟ್ಟಿಗೆಯಲ್ಲಿ ಪಿಸ್ತೂಲನ್ನು ಬಿಟ್ಟು ಓಡಾಡುವುದು ಸುರಕ್ಷತೆಯ ದೃಷ್ಟಿಯಿಂದಲೂ ತಪ್ಪು. ಗಾಜಿಗೆ ಆಗಾಗ ಹಬೆನಿರೋಧಕ ದ್ರವ ಹಚ್ಚುವುದೂ ಸಹಾಯಕ.

ಮುಂಬೈ ಮತ್ತು ಗೋವಾದಲ್ಲಿ ದಿನವೂ ಪಿಸ್ತೂಲು ಧರಿಸುವವರಿಗೆ ಮುಚ್ಚಿದ ಸೈಟನ್ನೇ ನಾನು ಹೇಳುತ್ತೇನೆ, ತೂಕ ಸ್ವಲ್ಪ ಹೆಚ್ಚಾದರೂ ಸರಿ. ಪುಣೆಯಲ್ಲಿದ್ದು, ಪಿಸ್ತೂಲು ಬಹುಕಾಲ ಮನೆಯ ತಿಜೋರಿಯಲ್ಲೇ ಇರುವುದಾದರೆ ತೆರೆದದ್ದು ಸಾಕು.

ಐದನೆಯ ಹೆಜ್ಜೆ: ಚುಕ್ಕಿಯ ಗಾತ್ರ, ನಿಮ್ಮ ಕಣ್ಣು

ಚುಕ್ಕಿಯ ಗಾತ್ರವನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. 1 ಎಂಒಎ ಎಂದರೆ 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂಟಿಮೀಟರ್, 25 ಮೀಟರಿನಲ್ಲಿ 7 ಮಿಲಿಮೀಟರಿಗೆ ತುಸು ಹೆಚ್ಚು. ಹಾಗಾಗಿ 2 ಎಂಒಎ ಚುಕ್ಕಿ 25 ಮೀಟರಿನಲ್ಲಿ ಒಂದೂವರೆ ಸೆಂಟಿಮೀಟರಿನಷ್ಟನ್ನು ಮುಚ್ಚಿದರೆ 6 ಎಂಒಎ ಚುಕ್ಕಿ ನಾಲ್ಕೂವರೆ ಸೆಂಟಿಮೀಟರಿನಷ್ಟನ್ನು ಮುಚ್ಚುತ್ತದೆ. ಆತ್ಮರಕ್ಷಣೆಯ ದೂರಗಳಲ್ಲಿ ಈ ವ್ಯತ್ಯಾಸದಿಂದ ನಿಖರತೆಗೆ ನಷ್ಟವಿಲ್ಲ. ದೊಡ್ಡ ಚುಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ. ವಯಸ್ಸಾದ ಕಣ್ಣಿಗೆ 3ರಿಂದ 6 ಎಂಒಎ ನಡುವಿನದು ಹಿತ. ಹೊಲೊಸನ್ನಿನ ಕೆಲವು ಮಾದರಿಗಳಲ್ಲಿ 2 ಎಂಒಎ ಚುಕ್ಕಿಯ ಸುತ್ತ 32 ಎಂಒಎ ವೃತ್ತವನ್ನೂ ಹೊತ್ತಿಸಬಹುದು. ಪಿಸ್ತೂಲನ್ನು ಎತ್ತಿದಾಗ ಚುಕ್ಕಿ ಕಾಣದೆ ಹುಡುಕಾಡುವ ಹೊಸಬರಿಗೆ ವೃತ್ತದ ಒಂದು ಅಂಚು ಕಂಡರೂ ದಾರಿ ತಿಳಿಯುತ್ತದೆ.

ಅಸ್ಟಿಗ್ಮ್ಯಾಟಿಸಮ್ ಎಂಬ ದೃಷ್ಟಿದೋಷ ಇರುವವರಿಗೆ ಚುಕ್ಕಿ ದುಂಡಗೆ ಕಾಣದೆ ನಕ್ಷತ್ರದಂತೆ ಚೆದುರಿ, ಅಲ್ಪವಿರಾಮದಂತೆ ಬಾಗಿ ಅಥವಾ ದ್ರಾಕ್ಷಿಗೊಂಚಲಿನಂತೆ ಗುಂಪಾಗಿ ಕಾಣಬಹುದು. ಸೈಟ್ ದೋಷಪೂರಿತವೆಂದು ಅಂಗಡಿಯವರೊಡನೆ ವಾದಕ್ಕಿಳಿಯುವ ಮುನ್ನ ಫೋನಿನ ಕ್ಯಾಮೆರಾವನ್ನು ಗಾಜಿನ ಹಿಂದೆ ಹಿಡಿದು ಒಂದು ಚಿತ್ರ ತೆಗೆಯಿರಿ. ಚಿತ್ರದಲ್ಲಿ ಚುಕ್ಕಿ ದುಂಡಗಿದ್ದರೆ ದೋಷ ಕಣ್ಣಿನದು. ಪ್ರಖರತೆ ತಗ್ಗಿಸಿದರೆ ಚೆದುರುವಿಕೆ ಕಡಿಮೆಯಾಗುತ್ತದೆ, ಕೆಲವರಿಗೆ ಹಸಿರು ಚುಕ್ಕಿ ಹೆಚ್ಚು ಚೊಕ್ಕವಾಗಿ ಕಾಣುತ್ತದೆ, ಸರಿಯಾದ ನಂಬರಿನ ಕನ್ನಡಕದಿಂದ ಬಹಳ ಮಟ್ಟಿಗೆ ಸರಿಹೋಗುತ್ತದೆ. ಕೊಳ್ಳುವ ಮೊದಲು ಯಾರದಾದರೂ ಸೈಟಿನಲ್ಲಿ ನಿಮ್ಮದೇ ಕಣ್ಣಿನಿಂದ, ನಿಮ್ಮದೇ ಕನ್ನಡಕ ಹಾಕಿ ನೋಡಲೇಬೇಕು. ಪ್ರೊಗ್ರೆಸಿವ್ ಕನ್ನಡಕದವರು ಮೇಲ್ಭಾಗದ ದೂರದೃಷ್ಟಿಯ ಗಾಜಿನಿಂದಲೇ ನೋಡಬೇಕು. ಐರನ್ ಸೈಟಿನ ಅಭ್ಯಾಸದಿಂದ ತಲೆಯೆತ್ತಿ ಕೆಳಭಾಗದಿಂದ ನೋಡಿದರೆ ಗುರಿ ಮಸುಕಾಗುತ್ತದೆ.

ಆರನೆಯ ಹೆಜ್ಜೆ: ಪ್ರಖರತೆ ಮತ್ತು ಬ್ಯಾಟರಿ

ಪ್ರಖರತೆಯನ್ನು ತಾನೇ ಹೊಂದಿಸಿಕೊಳ್ಳುವ ಸೈಟ್ ಕೇಳಲು ಚೆನ್ನ. ಆದರೆ ಅದು ಅಳೆಯುವುದು ಹೆಚ್ಚಾಗಿ ನೀವು ನಿಂತ ಜಾಗದ ಬೆಳಕನ್ನು. ಕತ್ತಲ ಕೋಣೆಯೊಳಗೆ ನಿಂತು ದೀಪವಿರುವ ಹಜಾರದತ್ತ ನೋಡಿದರೆ ಚುಕ್ಕಿ ಮಂಕಾಗಿ ಬೆಳಕಿನಲ್ಲಿ ಕರಗಿಹೋಗುತ್ತದೆ. ಕೈಯಿಂದ ಹೊಂದಿಸುವ ಗುಂಡಿಗಳಿರುವ ಸೈಟನ್ನೇ ಆರಿಸಿ, ಹಗಲಿನ ಮನೆಬೆಳಕಿಗೆ ಸ್ವಲ್ಪ ಹೆಚ್ಚೆನಿಸುವ ಮಟ್ಟದಲ್ಲಿ ಇಟ್ಟುಬಿಡಿ.

ಈಗಿನ ಅನೇಕ ಒಳ್ಳೆಯ ಸೈಟುಗಳಲ್ಲಿ ಬ್ಯಾಟರಿ ಬಹುಕಾಲ ಬಾಳುತ್ತದೆ. ಆಕ್ರೊ ಪಿ-2ಕ್ಕೆ ತಯಾರಕರು ಹೇಳುವುದು 50,000 ಗಂಟೆ. ನೋಡಬೇಕಾದ್ದು ಬ್ಯಾಟರಿ ಬದಲಿಸುವ ಬಗೆಯನ್ನು. ಆರ್‌ಎಂಆರ್‌ನಲ್ಲಿ ಬ್ಯಾಟರಿ ತಳದಲ್ಲಿದೆ. ಬದಲಿಸಲು ಸೈಟನ್ನೇ ಬಿಚ್ಚಬೇಕು, ಮತ್ತೆ ಕೂರಿಸಿದ ಮೇಲೆ ಝೀರೊ, ಅಂದರೆ ಚುಕ್ಕಿ ಇರುವಲ್ಲೇ ಗುಂಡು ಬೀಳುವಂತೆ ಮಾಡಿದ ಹೊಂದಾಣಿಕೆ, ಪರೀಕ್ಷಿಸಬೇಕು. 507ಸಿಯಲ್ಲಿ ಪಕ್ಕದ ತಟ್ಟೆ, ಡೆಲ್ಟಾಪಾಯಿಂಟ್ ಪ್ರೊದಲ್ಲಿ ಮೇಲಿನ ಮುಚ್ಚಳ, ಆಕ್ರೊದಲ್ಲಿ ಪಕ್ಕದ ಮುಚ್ಚಳ. ವರ್ಷಕ್ಕೆ ನಿರ್ದಿಷ್ಟ ಸಂಖ್ಯೆಯ ಗುಂಡುಗಳನ್ನಷ್ಟೇ ಪರವಾನಗಿ ಅನುಮತಿಸುವ ನಮ್ಮ ದೇಶದಲ್ಲಿ, ಬ್ಯಾಟರಿಗೋಸ್ಕರ ಝೀರೊ ಮಾಡುತ್ತ ಗುಂಡು ಖರ್ಚು ಮಾಡುವುದು ಸಲ್ಲದು. ಸಿಆರ್ 2032 ಬ್ಯಾಟರಿ ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಸಿಆರ್ 1632 ಹುಡುಕಬೇಕಾಗಬಹುದು. ಆಯುಷ್ಯ ಎಷ್ಟೇ ಬರೆದಿರಲಿ, ವರ್ಷಕ್ಕೊಮ್ಮೆ ಆಯುಧಪೂಜೆಯ ಹೊತ್ತಿಗೆ ಬದಲಿಸುವ ರೂಢಿ ಇಟ್ಟುಕೊಂಡರೆ ಮರೆಯುವುದಿಲ್ಲ.

ಆನ್‌ಲೈನ್ ಮಾರುಕಟ್ಟೆಯಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಸೈಟುಗಳು ಆಟಿಕೆ ಮತ್ತು ಏರ್‌ಗನ್‌ಗಳಿಗೆಂದು ಮಾಡಿದವು. ಪ್ರಸಿದ್ಧ ಮಾದರಿಗಳ ನಕಲುಗಳೂ ಹೇರಳವಾಗಿವೆ. ಸ್ಲೈಡಿನ ಹೊಡೆತಕ್ಕೆ ಇವು ನಿಲ್ಲುವುದಿಲ್ಲ.

ಏಳನೆಯ ಹೆಜ್ಜೆ: ಕೂರಿಸುವುದು

ಈ ಕೆಲಸವನ್ನು ಗನ್‌ಸ್ಮಿತ್ ಮಾಡಿದರೂ ಎದುರಿಗೆ ನಿಂತು ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಬೇಕು. ಸ್ಕ್ರೂ ಮತ್ತು ರಂಧ್ರಗಳಲ್ಲಿನ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ತೆಗೆದು, ಒಣಗಿದ ಮೇಲೆ ನೀಲಿ ಬಣ್ಣದ ಮಧ್ಯಮ ಬಲದ ಲಾಕ್‌ಟೈಟ್ ಎಂಬ ಸ್ಕ್ರೂ ಅಂಟನ್ನು ಒಂದು ತೊಟ್ಟು ಮಾತ್ರ ಹಚ್ಚಬೇಕು. ಕೆಂಪು ಬಣ್ಣದ್ದನ್ನು ಬಿಚ್ಚಲು ಬಲವಾಗಿ ಕಾಯಿಸಬೇಕಾಗುತ್ತದೆ, ಕಾಯಿಸಿದರೆ ಸೈಟ್ ಹಾಳು. ಬಿಗಿ ತಯಾರಕರ ಕೈಪಿಡಿಯಲ್ಲಿ ಬರೆದಷ್ಟೇ ಇರಬೇಕು. ಹೆಚ್ಚಿನವರು ಹೇಳುವುದು 12ರಿಂದ 15 ಇಂಚ್-ಪೌಂಡ್, ಅಂದರೆ ಸುಮಾರು 1.4ರಿಂದ 1.7 ನ್ಯೂಟನ್ ಮೀಟರ್. ಕೈಯಂದಾಜಿನಲ್ಲಿ ಬಿಗಿದರೆ ಈ ಸಣ್ಣ ಸ್ಕ್ರೂಗಳ ತಲೆ ಮುರಿಯುತ್ತದೆ. ಸ್ಕ್ರೂ ಉದ್ದವೂ ಮುಖ್ಯ: ಗ್ಲಾಕ್ ಮಾದರಿಯ ಸ್ಲೈಡಿನಲ್ಲಿ ಬಲಗಡೆಯ ಸ್ಕ್ರೂ ಒಂದೆರಡು ಎಳೆ ಉದ್ದವಾದರೂ ಖಾಲಿ ಕೇಸನ್ನು ಎಳೆದು ತೆಗೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರಿನ, ಕೆಳಗಿರುವ ಕಡ್ಡಿಯನ್ನು ಒತ್ತಿ, ಖಾಲಿ ಕೇಸ್ ಹೊರಬಾರದಂತೆ ಮಾಡುತ್ತದೆ.

ಬಿಗಿದ ಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಸ್ಕ್ರೂ ತಲೆಯಿಂದ ಸೈಟಿನ ಮೈವರೆಗೆ ಒಂದು ತೆಳುಗೆರೆ ಎಳೆಯಿರಿ. ಗೆರೆ ಒಂದೇ ಸಾಲಿನಲ್ಲಿ ಇರುವವರೆಗೆ ಸ್ಕ್ರೂ ಕದಲಿಲ್ಲ. ಕೂದಲೆಳೆಯಷ್ಟು ಮುರಿದು ಕಂಡರೂ ಪಿಸ್ತೂಲನ್ನು ಬಳಕೆಯಿಂದ ತೆಗೆದು ಮತ್ತೆ ಬಿಗಿಸಬೇಕು. ಲಾಕ್‌ಟೈಟ್ ಗಟ್ಟಿಯಾಗಲು ಒಂದು ಇಡೀ ದಿನ ಬಿಡಿ.

ಎಂಟನೆಯ ಹೆಜ್ಜೆ: ಝೀರೊ, ಅಭ್ಯಾಸ, ಹೋಲ್ಸ್ಟರ್

ರೇಂಜಿನ ಅನುಮತಿ ಪಡೆದು ಮೊದಲು 10 ಮೀಟರಿನಲ್ಲಿ, ಮರಳುಚೀಲದ ಮೇಲೆ ಕೈಯಾನಿಸಿ ಐದು ಗುಂಡು ಹೊಡೆದು, ಗುಂಪಿನ ನಡುಬಿಂದುವನ್ನು ನೋಡಿ ಹೊಂದಿಸಿ. ಪ್ರತಿ ಗುಂಡಿಗೂ ತಿರುಪು ತಿರುಗಿಸಿದರೆ ಎಂದೂ ಮುಗಿಯುವುದಿಲ್ಲ. ಒಂದು ಕ್ಲಿಕ್ 1 ಎಂಒಎ ಇರುವ ಸೈಟಿನಲ್ಲಿ 10 ಮೀಟರಿನಲ್ಲಿ ಹತ್ತು ಕ್ಲಿಕ್ ತಿರುಗಿಸಿದರೆ ಗುಂಡು ಸುಮಾರು 3 ಸೆಂಟಿಮೀಟರ್ ಸರಿಯುತ್ತದೆ. ಅನಂತರ 25 ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಸೈಟ್ ನಳಿಗೆಗಿಂತ ಸುಮಾರು 3 ಸೆಂಟಿಮೀಟರ್ ಮೇಲಿರುವುದರಿಂದ, 25 ಮೀಟರಿಗೆ ಹೊಂದಿಸಿದ ಪಿಸ್ತೂಲು 3 ಮೀಟರ್ ದೂರದಲ್ಲಿ ಚುಕ್ಕಿಗಿಂತ ಎರಡೂವರೆ ಸೆಂಟಿಮೀಟರಿನಷ್ಟು ಕೆಳಗೆ ಹೊಡೆಯುತ್ತದೆ, ಇದು ದೋಷವಲ್ಲ.

ಗುಂಡು ಖರ್ಚಿಲ್ಲದೆ ಮಾಡಬಹುದಾದ ಅಭ್ಯಾಸವೇ ಹೆಚ್ಚಿನದು. ಖಾಲಿ ಪಿಸ್ತೂಲು, ಸ್ನ್ಯಾಪ್ ಕ್ಯಾಪ್ ಎಂಬ ಮದ್ದಿಲ್ಲದ ಅಭ್ಯಾಸದ ಗುಂಡು, ಎದುರಿಗೆ ಗಟ್ಟಿ ಗೋಡೆ, ಕಿಟಕಿಗೆ ಪರದೆ. ಗೋಡೆಯ ಮೇಲೊಂದು ಗುರುತನ್ನೇ ದಿಟ್ಟಿಸುತ್ತ ಪಿಸ್ತೂಲನ್ನು ಕಣ್ಣಿನೆತ್ತರಕ್ಕೆ ತನ್ನಿ. ಚುಕ್ಕಿ ಕಾಣದಿದ್ದರೆ ಬಹುತೇಕ ನಳಿಗೆಯ ತುದಿ ಮೇಲೆದ್ದಿರುತ್ತದೆ. ಮಣಿಕಟ್ಟನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಇಳಿದು ಬರುತ್ತದೆ. ಗಾಜಿನೊಳಗೆ ಚುಕ್ಕಿಯನ್ನು ಹುಡುಕುತ್ತ ಪಿಸ್ತೂಲನ್ನು ಆಡಿಸುವ ಅಭ್ಯಾಸ ಬೇರೂರಲು ಬಿಡಬೇಡಿ.

ಹಳೆಯ ಚರ್ಮದ ಹೋಲ್ಸ್ಟರ್‌ಗಳಲ್ಲಿ ಸೈಟ್ ಹಿಡಿಸುವುದಿಲ್ಲ. ಚರ್ಮ ಕತ್ತರಿಸಿ ಹೊಂದಿಸಿದರೆ ಹಿಡಿತ ಸಡಿಲಾಗುತ್ತದೆ. ಸೈಟಿಗೆ ಜಾಗ ಬಿಟ್ಟು, ಟ್ರಿಗರ್ ಪೂರ್ತಿ ಮುಚ್ಚುವಂತೆ ಮಾಡಿದ ಗಟ್ಟಿ ಹೋಲ್ಸ್ಟರ್ ಬೇಕು, ಅದರ ವೆಚ್ಚವನ್ನು ಸೈಟಿನ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ. ಕರಾವಳಿಯಲ್ಲಿ ಉಪ್ಪುಗಾಳಿಗೂ ಬೆವರಿಗೂ ಮೊದಲು ತುಕ್ಕು ಹಿಡಿಯುವುದು ಸ್ಕ್ರೂ ತಲೆಗಳು ಮತ್ತು ಬ್ಯಾಟರಿಯ ಮುಚ್ಚಳ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಗಾಜಿಗೆ ಎಣ್ಣೆ ತಾಗದಂತೆ ನೋಡಿಕೊಂಡು, ಬಿಳಿ ಗೆರೆಯ ಮೇಲೊಮ್ಮೆ ಕಣ್ಣಾಡಿಸಿ. ತಿಜೋರಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ.